ದಾಸವಾಳದ ಗಿಡ ಚೆನ್ನ, ಚೀಲದ ಮಣ್ಣು ಸಾಲದು

ಚಿಕ್ಕಮಗಳೂರಿನ ಅಂಚಿನ ಈ ನರ್ಸರಿಯಲ್ಲಿ ದಾಸವಾಳ ಎರಡು ಥರ ಸಿಗುತ್ತದೆ: ಕಡ್ಡಿಯಿಂದ ಬೆಳೆಸಿದ ನಾಟಿ ಕೆಂಪು, ಕಸಿ ಕಟ್ಟಿದ ಹೈಬ್ರಿಡ್. ಬೇಲಿಗೆ, ಪೂಜೆಗೆ ನಾಟಿಯೇ ಸಾಕು, ಮಲೆನಾಡಿನ ಮಳೆಗೂ ಜಗ್ಗದು. ಹೈಬ್ರಿಡ್ ಹೂ ಅಂಗೈಯಗಲ, ಆದರೆ ಬೇರು ನಾಜೂಕು. ಕಸಿ ಗಂಟಿನ ಕೆಳಗೆ ಚಿಗುರು ಬಂದರೆ ಕೂಡಲೇ ಕಿತ್ತುಹಾಕಿ, ಇಲ್ಲದಿದ್ದರೆ ಬುಡದ ಜಾತಿಯೇ ಮೇಲೇಳುತ್ತದೆ.

ಗಿಡಗಳು ಗಟ್ಟಿ, ಎಲೆಗೆ ಕಳೆ ಇದೆ. ಕೊರತೆ ಮಣ್ಣಿನದು. ಚೀಲದ ತುಂಬ ಬರೀ ಕೆಮ್ಮಣ್ಣು, ನೀರು ಬಸಿಯುವುದಿಲ್ಲ. ಹಾಗೇ ಬಿಟ್ಟರೆ ಆಷಾಢದ ಮಳೆಗೆ ಬೇರು ಕೊಳೆತೀತು. 12 ಇಂಚಿನ ಕುಂಡಕ್ಕೆ ಬದಲಿಸಿ: ಎರಡು ಪಾಲು ಕೆಮ್ಮಣ್ಣು, ಒಂದೊಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಮತ್ತು ಮರಳು.

ಗಿಡದ ಜೊತೆ ಮೂಳೆಪುಡಿಯನ್ನೂ ಕೊಳ್ಳಿ ಅನ್ನುತ್ತಾರೆ. ಬೇಡ. ಮೂಳೆಪುಡಿಯಲ್ಲಿ ರಂಜಕ ಜಾಸ್ತಿ, ಅದು ಹೆಚ್ಚಾದರೆ ದಾಸವಾಳ ಕಬ್ಬಿಣ ಹೀರಲಾರದೆ ಎಳೆಯ ಎಲೆ ಹಳದಿಯಾಗುತ್ತದೆ. ದಾಸವಾಳಕ್ಕೆ ಬೇಕಿರುವುದು ಪೊಟ್ಯಾಷ್.

ಕೊಳ್ಳುವಾಗ ಎಲೆಯಡಿ, ಚಿಗುರಿನ ಸಂದು ತಿರುಗಿಸಿ ನೋಡಿ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ರಸ ಹೀರುವ ಬಿಳಿ ಕೀಟ ಹಿಟ್ಟು ತಿಗಣೆ ಹತ್ತಿರದಲ್ಲೇ ಇರುತ್ತದೆ, ಆ ಗಿಡ ಬಿಡಿ. ಮನೆಗೆ ಬಂದ ಮೇಲೆ ಕಾಣಿಸಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.