ಹಳೆಯ ಮನೆಯ ಕಿಟಕಿಗೆ ಜೋಡಿ ಗಾಜು ಕೂರಿಸುವ ಮುನ್ನ

ಇಂಗ್ಲೆಂಡಿನಲ್ಲಿ 1919ಕ್ಕಿಂತ ಹಿಂದೆ ಕಟ್ಟಿದ ಮನೆಯನ್ನು ಕೊಂಡಿರುವ, ಅಥವಾ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ರೆಡಿಂಗ್ ನಗರದಲ್ಲಿರುವ ನಮ್ಮದು ವಿಕ್ಟೋರಿಯನ್ ಕಾಲದ ಕೆಂಪು ಇಟ್ಟಿಗೆಯ ಸಾಲುಮನೆ. ಅದರ ಮರದ ಸ್ಯಾಶ್ ಕಿಟಕಿಗಳನ್ನು (ಮೇಲೆ ಕೆಳಗೆ ಸರಿಯುವ ಎರಡು ಪಲಕಗಳ ಕಿಟಕಿ) ಬೆಚ್ಚಗಾಗಿಸಿ ಕೊಡುತ್ತೇವೆಂದು ಬಂದ ಸಂಸ್ಥೆಯೊಂದು ಮಾಡಿಹೋದ ಕೆಲಸದಿಂದ ಮನೆಯೇನೂ ಬೆಚ್ಚಗಾಗಲಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಬಾಳಿದ್ದ ಕಿಟಕಿಗಳು ಮಾತ್ರ ಎರಡನೆಯ ಚಳಿಗಾಲ ಕಳೆಯುವಷ್ಟರಲ್ಲಿ ಕೆಟ್ಟುಹೋದವು.

ಮಾರಾಟಗಾರ ಹೇಳಿದ್ದೆಲ್ಲವೂ ಸುಳ್ಳಾಗಿರಲಿಲ್ಲ ಎಂಬುದೇ ಇಲ್ಲಿನ ಅಪಾಯ. ಒಂಟಿ ಗಾಜಿನ ಕಿಟಕಿಯಿಂದ ಶಾಖ ಸೋರುವುದು ನಿಜ. ಅದರ ಯು-ವ್ಯಾಲ್ಯೂ, ಅಂದರೆ ಶಾಖ ಎಷ್ಟು ಬೇಗ ಸೋರುತ್ತದೆಂಬುದರ ಅಳತೆ, 5ರ ಆಸುಪಾಸಿನಲ್ಲಿರುತ್ತದೆ. ಈ ಅಂಕಿ ಕಡಿಮೆಯಾದಷ್ಟೂ ಶಾಖ ಉಳಿಯುತ್ತದೆ. 2022ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಮನೆಗೆ ಹೊಸದಾಗಿ ಬದಲಿಸುವ ಕಿಟಕಿಗಳಿಗೆ ನಿಯಮವು ಸಾಮಾನ್ಯವಾಗಿ ಕೇಳುವುದು 1.4. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಯಾರಿಗಾದರೂ ಮನವರಿಕೆಯಾಗುತ್ತದೆ. ಅವರ ಸಲಹೆ ಹೀಗಿತ್ತು: ಹಳೆಯ ಮರದ ಚೌಕಟ್ಟನ್ನು ಹಾಗೆಯೇ ಉಳಿಸಿಕೊಳ್ಳುವುದು, ಹಳೆಯ ಗಾಜನ್ನು ತೆಗೆದು ಅದೇ ಜಾಗದಲ್ಲಿ ತೆಳುವಾದ ಡಬಲ್ ಗ್ಲೇಜಿಂಗ್, ಅಂದರೆ ನಡುವೆ ಅಂತರ ಬಿಟ್ಟು ಅಂಚು ಮುಚ್ಚಿದ ಜೋಡಿ ಗಾಜು, ಕೂರಿಸುವುದು. ಬೀದಿಯಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಕೆಲಸ ಮುಗಿದ ಮೇಲೆ ಅದು ಕಟ್ಟಡ ನಿಯಮಗಳಿಗೆ ಅನುಗುಣವಾಗಿದೆ ಎನ್ನುವ ಫೆನ್ಸಾ ಪ್ರಮಾಣಪತ್ರವೂ ಬರುತ್ತದೆ ಎಂದು ಅವರು ಭರವಸೆ ಕೊಟ್ಟರು.

ಸ್ಯಾಶ್ ಕಿಟಕಿಯ ಒಳರಚನೆ ತಿಳಿದವರು ಈ ಸಲಹೆ ಕೊಡುವ ಮೊದಲು ತಕ್ಕಡಿ ತರುತ್ತಾರೆ. ಈ ಕಿಟಕಿಯ ಮೇಲಿನ ಮತ್ತು ಕೆಳಗಿನ ಪಲಕಗಳು ಹಗ್ಗ ಮತ್ತು ರಾಟೆಯ ಮೇಲೆ ತೂಗುತ್ತವೆ. ಹಗ್ಗದ ಇನ್ನೊಂದು ತುದಿಯಲ್ಲಿ, ಪಕ್ಕದ ಮರದ ಪೆಟ್ಟಿಗೆಯೊಳಗೆ, ಪಲಕದ ತೂಕಕ್ಕೆ ಸರಿಹೊಂದುವ ಎರಕದ ಕಬ್ಬಿಣದ ಗುಂಡುಗಳಿರುತ್ತವೆ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, 2.5 ಕಿಲೋ ತೂಗುತ್ತದೆ. 3 ಮಿಲಿಮೀಟರಿನ ಒಂಟಿ ಗಾಜು ಚದರ ಮೀಟರಿಗೆ 7.5 ಕಿಲೋ ಆದರೆ, 4 ಮಿಲಿಮೀಟರಿನ ಎರಡು ಗಾಜುಗಳು ಸೇರಿ 20 ಕಿಲೋ. ತೂಕ ಇಷ್ಟು ಹೆಚ್ಚಿದ ಮೇಲೆ ಪೆಟ್ಟಿಗೆ ತೆರೆದು ಗುಂಡುಗಳನ್ನು ಬದಲಿಸಲೇಬೇಕು, ಜಾಗ ಸಾಲದಿದ್ದರೆ ಕಬ್ಬಿಣಕ್ಕಿಂತ ಭಾರವಾದ ಸೀಸದ ಗುಂಡು ಹಾಕಬೇಕು. ನಮ್ಮಲ್ಲಿಗೆ ಬಂದವರು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಪರಿಣಾಮವಾಗಿ ಮೇಲಿನ ಪಲಕಗಳು ತಾವಾಗಿಯೇ ಜಾರತೊಡಗಿದವು. ರಾತ್ರಿ ಮುಚ್ಚಿ ಮಲಗಿದರೆ ಬೆಳಿಗ್ಗೆ ತುದಿಯಲ್ಲಿ ಬೆರಳು ತೂರುವಷ್ಟು ಸಂದಿ ಕಾಣುತ್ತಿತ್ತು, ಅಲ್ಲಿಂದ ಜನವರಿಯ ಗಾಳಿ ನೇರವಾಗಿ ಹಾಸಿಗೆಗೆ ಬೀಸುತ್ತಿತ್ತು. ದೂರಿದಾಗ ಅವರು ಕೊಟ್ಟ ಪರಿಹಾರವೆಂದರೆ ಪಲಕವನ್ನು ಚೌಕಟ್ಟಿಗೆ ಸ್ಕ್ರೂ ಹೊಡೆದು ಬಿಗಿಯುವುದು. ಮೇಲಿನಿಂದ ಬಿಸಿಗಾಳಿ ಹೊರಹೋಗಿ ಕೆಳಗಿನಿಂದ ತಾಜಾ ಗಾಳಿ ಒಳಬರಲೆಂದೇ ಎರಡು ಪಲಕಗಳನ್ನಿಟ್ಟ ಕಿಟಕಿಗೆ ಮಾಡಿದ ಈ ಕೆಲಸವನ್ನು ದುರಸ್ತಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಎರಡನೆಯ ಕೇಡು ಗಾಜನ್ನು ಚೌಕಟ್ಟಿಗೆ ಹಿಡಿದಿಡುವ ಪುಟ್ಟಿಯಿಂದ ಬಂತು. ಹಳೆಯ ಕಿಟಕಿಗೆ ಅಗಸೆ ಎಣ್ಣೆಯ ಪುಟ್ಟಿ ಸರಿಯಾದದ್ದು, ಆದರೆ ಒಂಟಿ ಗಾಜಿಗೆ ಮಾತ್ರ. ಜೋಡಿ ಗಾಜಿನ ಅಂಚನ್ನು ಮುಚ್ಚಿರುವ ಸೀಲ್ ಆ ಎಣ್ಣೆಯ ಸಂಪರ್ಕದಲ್ಲಿ ಕೆಡುತ್ತದೆ. ಸೀಲ್ ಬಿಟ್ಟುಕೊಂಡರೆ ಒಳಗಿನ ಅನಿಲ ಸೋರಿ ತೇವಾಂಶ ನುಸುಳುತ್ತದೆ. ಅಂಚಿನ ಪಟ್ಟಿಯೊಳಗೆ ತುಂಬಿದ ತೇವ ಹೀರುವ ಹರಳುಗಳು ಒಂದಷ್ಟು ಕಾಲ ತಡೆದು, ಆಮೇಲೆ ಸೋಲುತ್ತವೆ. ಮೊದಲು ಮೂಲೆಯೊಂದರಲ್ಲಿ ನಾಣ್ಯದಗಲದ ಮಂಜು ಕಾಣಿಸಿತು. ಒಳಗಿನಿಂದ ಒರೆಸಿದರೂ ಹೊರಗಿನಿಂದ ಒರೆಸಿದರೂ ಅದು ಹೋಗಲಿಲ್ಲ, ಏಕೆಂದರೆ ಅದಿದ್ದದ್ದು ಎರಡು ಗಾಜುಗಳ ನಡುವೆ. ಇದಕ್ಕೆ ರಿಪೇರಿ ಇಲ್ಲ, ಗಾಜನ್ನೇ ಬದಲಿಸಬೇಕು. ಇದಲ್ಲದೆ, ದಪ್ಪ ಗಾಜು ಕೂರಲೆಂದು ಚೌಕಟ್ಟಿನ ಅಂಚನ್ನು ಯಂತ್ರದಿಂದ ಆಳವಾಗಿ ಕೊರೆದಿದ್ದರಿಂದ ಎರಡು ಪಲಕಗಳ ಮೂಲೆಯ ಕೀಲುಗಳು ಸಡಿಲವಾದವು. ಬೆಳಕು ಬಿದ್ದಾಗ ಸಣ್ಣ ಅಲೆಗಳಂತೆ ಮಿಂಚುತ್ತಿದ್ದ ಹಳೆಯ ಗಾಜನ್ನು ಅವರು ಅಂದೇ ಒಡೆದು ಕಸದ ಚೀಲಕ್ಕೆ ತುಂಬಿದ್ದರು. ಅಂಥ ಗಾಜು ಇಂದಿನ ಕಾರ್ಖಾನೆಗಳ ಸಾಮಾನ್ಯ ತಯಾರಿಕೆಯಲ್ಲಿ ಸಿಗುವುದಿಲ್ಲ.

ಮಕ್ಕಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು: ಬ್ರಿಟನ್ನಿನಲ್ಲಿ 1960ರ ದಶಕದವರೆಗೂ ಮನೆಯ ಬಣ್ಣಗಳಲ್ಲಿ ಸೀಸ ಇರುವುದು ಸಾಮಾನ್ಯವಾಗಿತ್ತು, ಹಳೆಯ ಕಿಟಕಿಗಳ ಕೆಳಪದರಗಳಲ್ಲಿ ಅದು ಇಂದಿಗೂ ಇದೆ. ನಮ್ಮ ಕಿಟಕಿಗಳನ್ನು ಯಾವ ಪರೀಕ್ಷೆಯೂ ಇಲ್ಲದೆ, ಮಲಗುವ ಕೋಣೆಯೊಳಗೇ, ಒಣಗಿದ ಸ್ಥಿತಿಯಲ್ಲಿ ಯಂತ್ರದಿಂದ ಉಜ್ಜಿದರು. ಆ ಧೂಳು ಮಕ್ಕಳ ದೇಹಕ್ಕೆ ಸೇರಬಾರದು. ಪರೀಕ್ಷೆಯ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಸೀಸ ಇದೆಯೆಂದಾದರೆ ಒದ್ದೆ ಮಾಡಿ ಉಜ್ಜಬೇಕು, ಕೋಣೆಯನ್ನು ಖಾಲಿ ಮಾಡಿ ಮುಚ್ಚಿರಬೇಕು.

ಪ್ರಮಾಣಪತ್ರದ ಮಾತೂ ಹುಸಿಯಾಯಿತು. ಫೆನ್ಸಾ ಪ್ರಮಾಣಪತ್ರ ಚೌಕಟ್ಟು ಸಹಿತ ಇಡೀ ಕಿಟಕಿಯನ್ನು ಬದಲಿಸಿದಾಗ ಬರುವಂಥದ್ದು. ಗಾಜನ್ನಷ್ಟೇ ಬದಲಿಸುವ ಕೆಲಸ ಅದರ ವ್ಯಾಪ್ತಿಗೆ ಸೇರುವುದಿಲ್ಲ. ನಿಮ್ಮ ಮನೆ ಲಿಸ್ಟೆಡ್ ಕಟ್ಟಡವಾಗಿದ್ದರೆ (ಪಾರಂಪರಿಕ ಮಹತ್ವಕ್ಕಾಗಿ ಸರ್ಕಾರಿ ರಕ್ಷಣೆಯ ಪಟ್ಟಿಗೆ ಸೇರಿದ್ದರೆ) ವಿಷಯ ಇನ್ನೂ ಗಂಭೀರ: ಅನುಮತಿ ಬೇಕಾದ ಕೆಲಸವನ್ನು ಅನುಮತಿಯಿಲ್ಲದೆ ಮಾಡಿಸುವುದು ಇಂಥ ಕಟ್ಟಡಗಳನ್ನು ಕಾಯುವ 1990ರ ಕಾಯ್ದೆಯ ಪ್ರಕಾರ ಅಪರಾಧ. ಗಾಜಿಗೆ ಕೈ ಹಾಕುವ ಮೊದಲೇ ಸ್ಥಳೀಯ ಕೌನ್ಸಿಲ್‌ಗೆ ಬರೆದು ಕೇಳಿ.

ಮುಂದೆ ನಮ್ಮ ಕಿಟಕಿಗಳನ್ನು ಉಳಿಸಿಕೊಟ್ಟವರು ಸ್ಯಾಶ್ ಕೆಲಸವನ್ನೇ ಕಸುಬಾಗಿಸಿಕೊಂಡ ಒಬ್ಬ ಬಡಗಿ. ಅವರು ಕೀಲುಗಳನ್ನು ಬಿಗಿಮಾಡಿ, ಒಂಟಿ ಗಾಜನ್ನೇ ಮರಳಿ ಕೂರಿಸಿ, ಹಗ್ಗ ಬದಲಿಸಿ, ಪಲಕಗಳ ಅಂಚಿಗೆ ಬ್ರಷ್ ಪಟ್ಟಿ ಹಾಕಿದರು. ಚಳಿಯ ದೊಡ್ಡ ಪಾಲು ಗಾಜಿನಿಂದಲ್ಲ, ಸಂದಿಗಳಿಂದ ಬರುತ್ತಿತ್ತೆಂಬುದು ಆಗಲೇ ಅರಿವಾಯಿತು. ಅನಂತರ ಒಳಬದಿಯಲ್ಲಿ, ಹಳೆಯ ಕಿಟಕಿಯಿಂದ ಸುಮಾರು 100 ಮಿಲಿಮೀಟರ್ ದೂರದಲ್ಲಿ, ಪಕ್ಕಕ್ಕೆ ಸರಿಯುವ ಸೆಕೆಂಡರಿ ಗ್ಲೇಜಿಂಗ್, ಅಂದರೆ ಪ್ರತ್ಯೇಕ ಚೌಕಟ್ಟಿನ ಇನ್ನೊಂದು ಗಾಜಿನ ಪದರ, ಬಂತು. ಅಷ್ಟು ಅಂತರದಿಂದ ರಸ್ತೆಯ ಸದ್ದೂ ತಗ್ಗುತ್ತದೆ. ಪಾರಂಪರಿಕ ಕಟ್ಟಡಗಳ ಬಗ್ಗೆ ಸಲಹೆ ಕೊಡುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಪ್ರಕಟಿಸಿರುವ ಪರೀಕ್ಷೆಗಳಲ್ಲಿ ದಪ್ಪ ಪರದೆ ಎಳೆಯುವುದರಿಂದಲೇ ಗಾಜಿನ ಮೂಲಕ ಹೋಗುವ ಶಾಖ ಸುಮಾರು 41% ಇಳಿದಿತ್ತು, ಒಳ್ಳೆಯ ಸೆಕೆಂಡರಿ ಗ್ಲೇಜಿಂಗ್‌ನಿಂದ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಒಂದು ಸೂಕ್ಷ್ಮವಿದೆ: ಒಳಗಿನ ಗಾಜು ಬಿಗಿಯಾಗಿ ಮುಚ್ಚಿಕೊಳ್ಳಬೇಕು, ಹೊರಗಿನ ಹಳೆಯ ಕಿಟಕಿಯಲ್ಲಿ ತುಸು ಗಾಳಿಯಾಡಬೇಕು. ಇದು ತಿರುಗುಮುರುಗಾದರೆ ಅಡುಗೆಮನೆಯ ಹಬೆಯೆಲ್ಲ ನಡುವೆ ಸೇರಿ ಹೊರಗಾಜಿನ ಮೇಲೆ ನೀರಾಗಿ ಇಳಿಯುತ್ತದೆ. ಇಡ್ಲಿ ಪಾತ್ರೆ, ಕುಕ್ಕರ್, ಒಳಗೇ ಒಣಗಿಸುವ ಬಟ್ಟೆ, ಇವೆಲ್ಲ ಸೇರಿ ನಮ್ಮ ಮನೆಗಳಲ್ಲಿ ಹಬೆ ಹೆಚ್ಚು. ಟೊಳ್ಳಿಲ್ಲದ ಗಟ್ಟಿ ಇಟ್ಟಿಗೆ ಗೋಡೆಯ ಮನೆಯಲ್ಲಿ ಕಿಟಕಿಯ ಸಂದಿಗಳನ್ನೆಲ್ಲ ಮುಚ್ಚಿಬಿಟ್ಟು ಗಾಳಿ ಹೊರಹಾಕುವ ಫ್ಯಾನ್ ಇಡದಿದ್ದರೆ ಬೀರುವಿನ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು ಕೂರುತ್ತದೆ.

ಹಣದ ವಿಷಯಕ್ಕೆ ಬಂದರೆ, ಅಳತೆಗೆ ತಕ್ಕಂತೆ ಮಾಡಿಸಿದ ಸಾಮಾನಿಗೆ 14 ದಿನಗಳೊಳಗೆ ರದ್ದುಮಾಡುವ ಹಕ್ಕು ಅನ್ವಯಿಸುವುದಿಲ್ಲ. ಸಹಿ ಮಾಡುವ ಮೊದಲೇ ಎಲ್ಲವನ್ನೂ ಬರಹದಲ್ಲಿ ಪಡೆಯಬೇಕು. ಹೊಸ ಗಾಜಿನ ತೂಕ ಕಿಲೋದಲ್ಲಿ ಎಷ್ಟು, ಗುಂಡುಗಳನ್ನು ಯಾರು ಬದಲಿಸುತ್ತಾರೆ, ಗಾಜನ್ನು ಯಾವ ಪುಟ್ಟಿಯಲ್ಲಿ ಕೂರಿಸುತ್ತಾರೆ, ಸೀಲ್ ಕೆಟ್ಟರೆ ಎಷ್ಟು ವರ್ಷದ ಹೊಣೆ, ಇಷ್ಟಂತೂ ಕೊಟೇಶನ್‌ನಲ್ಲಿ ಇರಲೇಬೇಕು. ಮುಂಗಡದ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. 1974ರ ಗ್ರಾಹಕ ಸಾಲ ಕಾಯ್ದೆಯ (ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್) 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚಿನ ಮತ್ತು 30,000 ಪೌಂಡ್ ಮೀರದ ಬೆಲೆಯ ಕೆಲಸಕ್ಕೆ ಕಾರ್ಡ್ ಸಂಸ್ಥೆಯೂ ಸಮಾನ ಹೊಣೆಗಾರ. ಭಾಗಶಃ ಪಾವತಿಯಾಗಿದ್ದರೂ ಹೊಣೆ ಪೂರ್ತಿ ಕೆಲಸಕ್ಕೆ ಸಲ್ಲುತ್ತದೆ. ನಮಗೆ ಹಣದ ಬಹುಪಾಲು ಮರಳಿ ಬಂದದ್ದು ಈ ದಾರಿಯಿಂದಲೇ, ಅದೂ ಬಡಗಿ ಬರೆದುಕೊಟ್ಟ ವರದಿ ಮತ್ತು ದಿನಾಂಕವಿರುವ ಫೋಟೊಗಳ ಬಲದಿಂದ. ಆದ್ದರಿಂದ ಗಾಜಿನ ನಡುವೆ ಮಂಜು ಕಂಡ ದಿನವೇ ಫೋಟೊ ತೆಗೆದಿಡಿ, ದೂರನ್ನು ಫೋನಿನಲ್ಲಿ ಹೇಳಿ ಬಿಡದೆ ಇಮೇಲ್‌ನಲ್ಲಿ ಬರೆದು ಕಳುಹಿಸಿ.