ಬೈಕ್ ಹೊರುವ ವ್ಯಾನ್: ಡಿ-ರಿಂಗೋ, ಹಳಿಯೋ?

ಬೈಕ್ ಹೊತ್ತು ಪ್ರವಾಸ ಹೋಗಿ ಒಳಗೇ ಮಲಗಲು ಖಾಲಿ ಕಾರ್ಗೋ ವ್ಯಾನ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಹಾಸಿಗೆ ಎಲ್ಲಿ ಹಾಕುವುದು ಎಂದು ಅಳೆಯಲು ಶುರು ಮಾಡುತ್ತಾರೆ. ಲೆಕ್ಕ ತಲೆಕೆಳಗಾಗುವುದು ಅಲ್ಲೇ. ಬೈಕ್ ಎಲ್ಲಿ ನಿಲ್ಲುತ್ತದೆ, ನೆಲದ ಯಾವ ಜಾಗಕ್ಕೆ ಕಟ್ಟುತ್ತೇವೆ ಎನ್ನುವುದು ಮೊದಲು ತೀರ್ಮಾನವಾಗಬೇಕು. ಮಿಕ್ಕಿದ್ದು ಹಾಸಿಗೆಗೆ.

ನೆಲದ ಹಾಸಿನ ವಿಷಯ ಬೇಗ ಮುಗಿಯುತ್ತದೆ. ಅಲ್ಯೂಮಿನಿಯಂ ಚೆಕರ್ ಪ್ಲೇಟ್ ನೋಡಲು ಗಟ್ಟಿಮುಟ್ಟು, ಆದರೆ ಒದ್ದೆ ಬೂಟಿಗೆ ಜಾರುತ್ತದೆ, ದಾರಿಯುದ್ದಕ್ಕೂ ಸದ್ದು ಮಾಡುತ್ತದೆ. ಸಾದಾ ರಬ್ಬರ್ ಮ್ಯಾಟ್ ಜಾರುವುದಿಲ್ಲ, ಆದರೆ ಪೆಟ್ರೋಲ್, ಆಯಿಲ್ ಬಿದ್ದಲ್ಲಿ ಉಬ್ಬುತ್ತದೆ. ಗೆದ್ದದ್ದು 12 ಮಿ.ಮೀ. ಫಿಲ್ಮ್ ಫೇಸ್ಡ್ (ಮೇಲೆ ನೀರು ತಡೆಯುವ ಹಾಳೆ ಅಂಟಿಸಿದ) ಪ್ಲೈವುಡ್, ಅದರಲ್ಲೂ ಜಾಲರಿ ಗುರುತಿನ ಒರಟು ಮೈಯದ್ದು. ಕತ್ತರಿಸಿದ ಅಂಚಿಗೆಲ್ಲ ಪೇಂಟ್ ಅಥವಾ ಸೀಲಂಟ್ ಬಳಿಯದಿದ್ದರೆ ನೀರು ಅಲ್ಲಿಂದಲೇ ಒಳಗಿಳಿದು ಪದರ ಬಿಚ್ಚುತ್ತದೆ. ವ್ಯಾನಿನ ತಗಡಿನ ನೆಲದಲ್ಲಿರುವ ತಗ್ಗುಗಳಿಗೆ ನೀರು ಹೀರದ ಫೋಮ್ ಪಟ್ಟಿ ತುಂಬಿದರೆ ಪ್ಲೈವುಡ್ ಕುಣಿಯುವುದಿಲ್ಲ.

ನಿಜವಾದ ಪೈಪೋಟಿ ನೆಲಕ್ಕೆ ಬಿಗಿಯುವ ಡಿ ಆಕಾರದ ಬಳೆಯಾದ ಡಿ-ರಿಂಗ್‌ಗೂ ಉದ್ದಕ್ಕೂ ಕಚ್ಚುಗಳಿರುವ ಲೋಹದ ಪಟ್ಟಿಯಾದ ಎಲ್-ಟ್ರ್ಯಾಕ್ ಹಳಿಗೂ. ಒಂದೇ ಬೈಕ್, ಅದೂ ಯಾವಾಗಲೂ ಅದೇ ಬೈಕ್ ಆದರೆ ನಾಲ್ಕು ಡಿ-ರಿಂಗ್ ಸಾಕು. ಹಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಬೈಕ್ ಬದಲಾದ ದಿನ ತೊಂದರೆ ಶುರು. ಒಂದರ ಚಕ್ರಾಂತರ 1.3 ಮೀಟರ್, ಇನ್ನೊಂದರದು 1.5 ಮೀಟರ್. ರಿಂಗ್ ಇದ್ದಲ್ಲೇ ಇರುತ್ತದೆ, ಸ್ಟ್ರಾಪ್ ಮಾತ್ರ ನೆಟ್ಟಗಾಗುತ್ತದೆ. ನೆಟ್ಟಗಿನ ಸ್ಟ್ರಾಪ್ ಬೈಕನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಪಕ್ಕಕ್ಕೆ ವಾಲದಂತೆ ತಡೆಯುವುದಿಲ್ಲ. ಮುಂದಿನ ಎರಡೂ ಸ್ಟ್ರಾಪ್ ಸುಮಾರು 45 ಡಿಗ್ರಿಯಲ್ಲಿ, ಹೊರಕ್ಕೂ ಮುಂದಕ್ಕೂ ಎಳೆಯುವಂತಿರಬೇಕು. ಹಳಿಯಲ್ಲಾದರೆ ಒಂದೊಂದು ಇಂಚಿಗೂ ಒಂದು ಕಚ್ಚು, ಕೊಂಡಿಯನ್ನು ಬೇಕಾದಲ್ಲಿಗೆ ಸರಿಸಬಹುದು. ಬೈಕ್ ಇಳಿಸಿದ ಮೇಲೆ ಅದೇ ಹಳಿಗೆ ಪೆಟ್ಟಿಗೆ, ಕುರ್ಚಿ, ನೀರಿನ ಕ್ಯಾನ್ ಕಟ್ಟಬಹುದು. ಪ್ರವಾಸದ ವ್ಯಾನಿಗೆ ಹಳಿಯೇ ಸರಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಳಿಗೂ ಕಾಟ ಇದೆ: ಕೆಸರು. ಟೈರಿನಿಂದ ಉದುರಿದ ಮಣ್ಣು ಹಳಿಯ ಕಚ್ಚಿನಲ್ಲಿ ಕೂತು ಒಣಗಿದರೆ ಕೊಂಡಿಯ ಗುಬ್ಬಿ, ಅಂದರೆ ಕಚ್ಚಿಗೆ ಸಿಕ್ಕುವ ತಳದ ಗುಂಡಿ, ಪೂರ್ತಿ ಒಳಗೆ ಕೂರುವುದಿಲ್ಲ. ಕೂತಂತೆ ಕಾಣುತ್ತದೆ, ಎಳೆದರೆ ಕಿತ್ತು ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ವ್ಯಾನಿನಲ್ಲಿರಲಿ. ಬೈಕಿಗೆ ಜೋಡಿ ಗುಬ್ಬಿಯ ಕೊಂಡಿಯನ್ನೇ ಬಳಸಿ. ಒಂಟಿ ಗುಬ್ಬಿಯದು ಹಗುರ ಸಾಮಾನಿಗೆ ಮಾತ್ರ.

ಎರಡಕ್ಕೂ ಅನ್ವಯಿಸುವ ಮಾತೊಂದಿದೆ. ಬರೀ ಪ್ಲೈವುಡ್‌ಗೆ ಸ್ಕ್ರೂ ಹೊಡೆದದ್ದು ಕಟ್ಟಿದಂತಲ್ಲ. ಬೋಲ್ಟ್ ತಗಡನ್ನು ದಾಟಿ ಕೆಳಗೆ ಅಗಲವಾದ ಉಕ್ಕಿನ ಪ್ಲೇಟಿಗೆ ಬಿಗಿಯಾಗಬೇಕು. ಡಿ-ರಿಂಗ್‌ಗೆ ಕನಿಷ್ಠ ಎಂ8 (8 ಮಿ.ಮೀ. ದಪ್ಪದ) ಬೋಲ್ಟ್, ಬಲದ ದರ್ಜೆ 8.8. ತಗಡಿಗೆ ಒಂದೇ ಬದಿಯಿಂದ ಕೂರಿಸುವ ರಿವೆಟ್ ನಟ್ ಇಲ್ಲಿ ಬೇಡ. ಡ್ರಿಲ್ ಇಡುವ ಮುಂಚೆ ವ್ಯಾನಿನ ಅಡಿಗೆ ನುಗ್ಗಿ ಬ್ರೇಕ್ ಪೈಪ್, ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್, ವೈರಿಂಗ್ ಎಲ್ಲೆಲ್ಲಿವೆ ನೋಡಿ ಗುರುತು ಹಾಕಿಕೊಳ್ಳಿ. ಕೊರೆದ ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚದಿದ್ದರೆ ತುಕ್ಕು ಹಿಡಿಯದೆ ಬಿಡುವುದಿಲ್ಲ.

ಸ್ಟ್ರಾಪಿನಲ್ಲಿ ರ್‍ಯಾಚೆಟ್ ಬಲಶಾಲಿ, ಕೈಯಿಂದ ಪಟ್ಟಿ ಎಳೆದು ಬಿಗಿಯುವ ಕ್ಯಾಮ್ ಬಕಲ್ ಸಾಧು. ರ್‍ಯಾಚೆಟ್‌ನ ಹಿಡಿ ಆಡಿಸುತ್ತಾ ಹೋದರೆ ಬೈಕಿನ ಮುಂದಿನ ಶಾಕ್ ಅಬ್ಸಾರ್ಬರ್ ಆದ ಫೋರ್ಕ್ ತಳ ಮುಟ್ಟುವವರೆಗೂ ಎಳೆಯಬಹುದು, ಕೈಗೆ ಗೊತ್ತೇ ಆಗುವುದಿಲ್ಲ. ಹಾಗೆ ದಿನಗಟ್ಟಲೆ ಒತ್ತಿಟ್ಟರೆ ಫೋರ್ಕ್ ಸೀಲ್‌ನಲ್ಲಿ ಆಯಿಲ್ ಜಿನುಗಲು ಶುರುವಾಗಬಹುದು. ಅರ್ಧದಷ್ಟು ಕುಗ್ಗಿದರೆ ಧಾರಾಳ. ಕ್ಯಾಮ್ ಬಕಲ್ ನಮ್ಮ ತೋಳಿನ ಬಲಕ್ಕಿಂತ ಹೆಚ್ಚು ಬಿಗಿಯಾಗುವುದಿಲ್ಲ, ಅದೇ ಅದರ ಗುಣ. ಪಟ್ಟಿ ಒದ್ದೆಯಾದರೆ ಜಾರುತ್ತದೆ, ಅದು ದೋಷ. ಉಳಿದ ಬಾಲಕ್ಕೆ ಗಂಟು ಹಾಕಿದರೆ ಆ ದೋಷವೂ ಹೋಯಿತು. ಹಗುರ ಬೈಕಿಗೆ ಕ್ಯಾಮ್, 200 ಕೆ.ಜಿ. ದಾಟಿದ್ದಕ್ಕೆ 38 ಮಿ.ಮೀ. ಅಗಲದ ರ್‍ಯಾಚೆಟ್.

ಯಾವುದೇ ಆಗಲಿ, ಕೊಕ್ಕೆಯ ಬಾಯಿಗೆ ಸ್ಪ್ರಿಂಗ್ ಬಾಗಿಲಿರಲೇಬೇಕು. ವ್ಯಾನ್ ಗುಂಡಿಗೆ ಇಳಿದಾಗ ಫೋರ್ಕ್ ಒಂದು ಕ್ಷಣ ಇನ್ನಷ್ಟು ಕುಗ್ಗುತ್ತದೆ, ಸ್ಟ್ರಾಪ್ ಸಡಿಲವಾಗುತ್ತದೆ, ಬಾಯಿ ತೆರೆದ ಕೊಕ್ಕೆ ಆ ಕ್ಷಣದಲ್ಲೇ ಕಳಚಿ ಬೀಳುತ್ತದೆ. ಬೈಕ್ ಇನ್ನೊಂದು ಬೈಕಿನ ಮೇಲೆ ಒರಗುವುದು ಹೀಗೆಯೇ. ಹ್ಯಾಂಡಲ್‌ಗೆ ಕಟ್ಟುವುದಕ್ಕಿಂತ ಮೆದು ಪಟ್ಟಿಯ ಕುಣಿಕೆಯನ್ನು ಫೋರ್ಕಿನ ಎರಡೂ ಕೊಳವೆಗಳನ್ನು ಹಿಡಿದಿಡುವ ಕೆಳಗಿನ ಟ್ರಿಪಲ್ ಕ್ಲ್ಯಾಂಪ್‌ಗೆ ಹಾಕಿ. ಹಿಂದಿನ ಚಕ್ರ ಪಕ್ಕಕ್ಕೆ ಎಗರದಂತೆ ಇನ್ನೊಂದು ಜೋಡಿ. ಸೈಡ್ ಸ್ಟ್ಯಾಂಡ್ ಎತ್ತಿರಬೇಕು. ಹೊರಟು 15-20 ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ನೋಡಿ.

ರ್‍ಯಾಂಪಿನಲ್ಲಿ ಉದ್ದವೇ ಎಲ್ಲ. ವ್ಯಾನಿನ ನೆಲ 60 ಸೆಂ.ಮೀ. ಎತ್ತರವಿದ್ದರೆ 1.8 ಮೀಟರ್ ರ್‍ಯಾಂಪ್ ಸುಮಾರು 19 ಡಿಗ್ರಿ ಏರು, 2.4 ಮೀಟರಿನದು 14ರ ಆಸುಪಾಸು. ಆ ಐದು ಡಿಗ್ರಿ ಹೆಚ್ಚಾದರೆ ಒಬ್ಬರ ಕೆಲಸ ಇಬ್ಬರದಾಗುತ್ತದೆ. ತಗ್ಗಾದ ಬೈಕಿನ ಹೊಟ್ಟೆ ನೇರ ರ್‍ಯಾಂಪಿನ ತುದಿಗೆ ತಾಗಿದರೆ ಕಮಾನಿನ ಆಕಾರದ್ದು ಬೇಕು. ನೇರವಾಗಲಿ, ಕಮಾನಾಗಲಿ, ವ್ಯಾನಿಗೆ ಸ್ಟ್ರಾಪಿನಿಂದ ಕಟ್ಟದೆ ಚಕ್ರ ಹತ್ತಿಸಬೇಡಿ, ಹಿಂದಿನ ಚಕ್ರ ರ್‍ಯಾಂಪನ್ನು ಹಿಂದಕ್ಕೆ ಒದೆಯುತ್ತದೆ.

ಇನ್ನು ಹಾಸಿಗೆ. ಬೈಕಿನ ಮೇಲೆ ಅಟ್ಟದಂತೆ ಖಾಯಂ ಹಾಸಿಗೆ ಹಾಕುವುದು ಚಿತ್ರದಲ್ಲಿ ಚೆಂದ. ಒಳಗಿನ ಎತ್ತರ 1.9 ಮೀಟರ್ ಇದ್ದು, ಕನ್ನಡಿ ಬಿಚ್ಚಿದ ಬೈಕ್ 1.15 ಮೀಟರ್ ತಿಂದರೆ, ಹಲಗೆ ಮತ್ತು ಹಾಸಿಗೆ ಕಳೆದು ಉಳಿಯುವುದು ಅರ್ಧ ಮೀಟರ್ ಚಿಲ್ಲರೆ. ಎದ್ದು ಕೂರಲಾಗದು. ಎತ್ತರದ ಗಾಜಿರುವ ಟೂರಿಂಗ್ ಬೈಕ್ ಅದರಡಿ ತೂರುವುದೂ ಇಲ್ಲ. ಗೋಡೆಗೆ ಮಡಚುವ ಹಾಸಿಗೆಯಾದರೆ ರಾತ್ರಿ ಬೈಕ್ ಹೊರಗಿರಬೇಕು, ಸರಪಳಿ ಹಾಕಬೇಕು. ಆದರೂ ನಮ್ಮ ಮತ ಮಡಚುವುದಕ್ಕೇ, ಏಕೆಂದರೆ ಪೆಟ್ರೋಲ್ ವಾಸನೆಯ ಜೊತೆ ಮಲಗುವುದು ತಪ್ಪುತ್ತದೆ. ಅಟ್ಟವೇ ಬೇಕೆಂದರೆ ಬೈಕಿನ ಭಾಗಕ್ಕೆ ಸಂದಿ ಬಿಡದ ಅಡ್ಡಗೋಡೆ ಹಾಕಿ, ನೆಲಮಟ್ಟದಲ್ಲೇ ಗಾಳಿಕಿಂಡಿ ತೆರೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಛಾವಣಿಯ ಫ್ಯಾನನ್ನೇ ನಂಬಿದರೆ ತಳದಲ್ಲೇ ಕೂತಿರುತ್ತದೆ. ಪೆಟ್ರೋಲ್ ಕಾಕ್ ಇರುವ ಬೈಕಾದರೆ ಹತ್ತಿಸಿದ ತಕ್ಷಣ ಅದನ್ನು ಮುಚ್ಚಿ. ಒಲೆ ಹಚ್ಚುವುದು ಬೈಕ್ ಇಳಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆಯೇ.