ಹೆಸರು ಹೊಸದು, ಕೊಲಂಬಸ್ ಹಳೇದೇ

ದಸರಾ ಸೂಟಿಯಲ್ಲಿ ಮಗಳನ್ನೂ ತಂಗಿಯ ಮಗನನ್ನೂ ಕರೆದುಕೊಂಡು ನಮ್ಮ ಹುಬ್ಬಳ್ಳಿ ಕಡೆಯ ಒಂದು ಪಾರ್ಕಿಗೆ ಹೋಗಿದ್ದೆ. ಮಾಲೀಕರು ಬದಲಾಗಿದ್ದಾರೆ, ಹೆಸರೂ ಬದಲಾಗಿದೆ. ಆಟೋದವನಿಗೆ ಹೊಸ ಹೆಸರು ಹೇಳಿದರೆ "ಅದೆಲ್ಲಿ ಬರತೈತ್ರಿ?" ಎಂದ. ಹಳೇದು ಹೇಳಿದೆ. "ಹಂಗ ಹೇಳ್ರಿ ಮತ್ತ" ಎಂದು ಗಾಡಿ ಚಾಲೂ ಮಾಡಿದ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಶೌಚಾಲಯದಲ್ಲಿ ನೀರು ಬರುತ್ತದೆ, ವಾಸನೆ ಇಲ್ಲ. ನೀರಿನ ಆಟದ ಕೊಳ ತಳ ಕಾಣುವಷ್ಟು ಸ್ವಚ್ಛ, ಸೀಟಿ ಹಿಡಿದ ಇಬ್ಬರು ಹುಡುಗರು ಪಕ್ಕದಿಂದ ಕದಲಲೇ ಇಲ್ಲ. ಗಿರಮಿಟ್ ಕಣ್ಣೆದುರೇ ಕಲಸಿ ಕೊಡುತ್ತಾರೆ, ಚುರುಮುರಿ ಮೆತ್ತಗಾಗಿರಲಿಲ್ಲ.

ಈಗ ಕೊಲಂಬಸ್ ವಿಷಯ. ಜಾತ್ರೆಯಲ್ಲಿ ತೂಗುತ್ತದಲ್ಲ, ಅದೇ ದೋಣಿ. ನಾನು ತಾರಿಹಾಳದಲ್ಲಿ ಫ್ಯಾಬ್ರಿಕೇಶನ್ ಕೆಲಸದವನು, ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಹೊಗೆ ಕುಡಿದವನು. ಮಕ್ಕಳು ದೋಣಿಯ ಮೂತಿ ನೋಡುತ್ತಿದ್ದರೆ ನನ್ನ ಕಣ್ಣು ಅದರ ಕಾಲಿನ ಮೇಲೆ.

ಹೊಸ ನೀಲಿ ಬಣ್ಣ, ಮಿರಮಿರ ಮಿಂಚುತ್ತಿತ್ತು. ಪಾಳಿ ಹಚ್ಚಿ ನಿಂತಿದ್ದ ಕಟಾಂಜನದ ಪಕ್ಕದಲ್ಲೇ ಕಂಬದ ಬುಡ. ಅಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಸುಮ್ನೆ ಉಗುರಿನಿಂದ ಕೆದರಿದೆ. ನೀಲಿ, ಅದರ ಕೆಳಗೆ ಕೆಂಪು, ಅದರ ಕೆಳಗೆ ಹಳದಿ, ಆಮೇಲೆ ಕಂದು ಪುಡಿ. ತುಕ್ಕು ಉಜ್ಜದೇ ಬಳಿದಿದ್ದಾರೆ.

ಬಣ್ಣದ ಬಗ್ಗೆ ಇಷ್ಟು ಯಾಕೆ ಅಂದರೆ, ತೂಗುವ ಕಬ್ಬಿಣ ಒಂದೇ ಸಲ ಮುರಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಮೊದಲು ಬೆಸುಗೆಯ ಅಂಚಿನಲ್ಲಿ ಕೂದಲೆಳೆ ಬಿರುಕು. ಅದನ್ನು ಹುಡುಕಲು ಬಣ್ಣ ಪೂರ್ತಿ ಕೆರೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹೊಡೆದು ಒರೆಸಿ, ಮೇಲೆ ಅದನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹೊಡೆಯಬೇಕು. ಬಿರುಕಿದ್ದರೆ ಕೆಂಪು ಗೆರೆ ಎದ್ದು ಬರುತ್ತದೆ. ಮೂರು ಪದರ ಬಣ್ಣದ ಮೇಲೆ ಏನು ಕಂಡೀತು? 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಇಂಥದೇ ತೂಗುವ ಆಟ ಮುರಿದು ಬಿದ್ದು ಇಬ್ಬರು ಸತ್ತರು. ಅವತ್ತಿನಿಂದ ನನಗೆ ಈ ಚಟ.

ಸೀಟಿನ ಅಡ್ಡಪಟ್ಟಿಯನ್ನೂ ನೋಡಿದೆ. ಮೂರನೇ ಸಾಲಿನಲ್ಲಿ, ಪಟ್ಟಿ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ಸೆಂಟ್ರಿಂಗಿನವರು ಸರಳು ಕಟ್ಟುವ ತಂತಿ, ಎರಡು ಸುತ್ತು. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟರೆ ಸಿಗುವ ಪಿನ್ ಅದು! ಓಡಿಸುವ ಹುಡುಗನಿಗೆ ತೋರಿಸಿದೆ.

"ಏನೂ ಆಗಂಗಿಲ್ರಿ ಕಾಕಾ, ದಿನಾ ಓಡಿಸ್ತೀವಿ."

"ಮುಂಜಾನೆ ಚೆಕ್ ಮಾಡಿ ಬರದಿಡೋ ಬುಕ್ ಐತೇನಪಾ?"

"ಆಫೀಸ್‌ನ್ಯಾಗ ಕೇಳ್ರಿ."

ಆಫೀಸಿನಲ್ಲಿ ಮ್ಯಾನೇಜರು ಕೂಡಿಸಿ ಚಹಾ ಕೊಟ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಇಂಥ ಆಟಗಳಿಗೆ ಐಎಸ್ 15475 ಅಂತ ನಮ್ಮ ದೇಶದ್ದೇ ಮಾನದಂಡ ಇದೆ, ಅದರ ಪ್ರಕಾರ ತಪಾಸಣೆ ಮಾಡಿಸಿದ ಕಾಗದ ತೋರಿಸ್ರಿ ಎಂದೆ. ಅವರು ಇನ್ಶೂರೆನ್ಸ್ ಫೈಲು ತೆಗೆದರು. ಅದು ಬಿದ್ದ ಮೇಲಿನ ಮಾತು, ನಾನು ಕೇಳಿದ್ದು ಬೀಳುವ ಮುಂಚಿನದು. "ಮಾಲಕರು ಹೊಸಬ್ರು ಸರ, ಒಂದೊಂದ ಮಾಡ್ತಾರ" ಎಂದರು. ಸರಿ, ಆದರೆ ಮೊದಲು ಮಾಡಿಸಿದ್ದು ಗೇಟು ಮತ್ತು ಬೋರ್ಡು, ಅಲ್ವಾ?

ಮಕ್ಕಳನ್ನು ದೋಣಿ ಹತ್ತಿಸಲಿಲ್ಲ. ತಂಗಿಯ ಮಗ ನನ್ನ ಜೊತೆ ಮಾತು ಬಿಟ್ಟ. ನೀರಿನ ಆಟಕ್ಕೆ ನಾಲ್ಕು ಸ್ಟಾರ್, ಗಿರಮಿಟ್ಟಿಗೆ ಐದು, ಕೊಲಂಬಸ್ಸಿಗೆ ಸೊನ್ನೆ. ಹೋಗುವವರು ಕಾಂಬೊ ಟಿಕೆಟ್ ತೆಗೆಯಬೇಡಿ, ಬಿಡಿಯಾಗಿ ತೆಗೆಯಿರಿ. ಹತ್ತದ ಆಟದ ದುಡ್ಡು ವಾಪಸ್ ಕೊಡುವುದಿಲ್ಲ. ನನಗೆ ಎರಡು ಐಸ್‌ಕ್ರೀಂ ಕೂಪನ್ ಕೊಟ್ಟು ಕಳಿಸಿದರು.